ಫೋನ್ ಬಾರದ ರಜೆ ಕೊಟ್ಟವರಿಗೆ

ಆರೋಗ್ಯ ಕೆಟ್ಟು ಹಾಕಿದ್ದ ರಜೆ ಮುಗಿಸಿ ಈ ಸೋಮವಾರ ಮತ್ತೆ ಕೆಲಸಕ್ಕೆ ಲಾಗಿನ್ ಆದೆ. ರಾತ್ರಿ ನಿದ್ದೆ ಬರುತ್ತಿದೆ, ಊಟ ಸೇರುತ್ತಿದೆ. ವಿಚಾರಿಸಿದ ಎಲ್ಲರಿಗೂ ಥ್ಯಾಂಕ್ಸ್. ಟೀಮಿನವರಿಗೆ ಮಾತ್ರ ಗ್ರೂಪಿನಲ್ಲಿ ಒಂದು ಸಾಲು ಹಾಕಿ ಸುಮ್ಮನಾಗಲು ಮನಸ್ಸಾಗಲಿಲ್ಲ.

ನನ್ನದು ಬ್ರಹ್ಮಾವರದ ಮನೆಯಿಂದಲೇ ಕೆಲಸ. ಟೀಮಿನವರು ಧಾರವಾಡ, ಪುಣೆ, ಕೊಚ್ಚಿಯಲ್ಲಿದ್ದಾರೆ, ಹೆಚ್ಚಿನವರನ್ನು ಎದುರಿಗೆ ನೋಡಿಯೇ ಇಲ್ಲ. ಮನೆಯಲ್ಲೇ ಇರುವುದಲ್ವಾ, ಆರಾಮ ಅಂತ ನೆಂಟರು ಹೇಳುತ್ತಿದ್ದರು. ಆದರೆ ಕೆಲಸ ಮುಗಿಯುವ ಹೊತ್ತು ಅಂತಲೇ ಇರಲಿಲ್ಲ. ನಿದ್ದೆ ಹೋಯಿತು, ಫೋನ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ರಾತ್ರಿ 14416ಕ್ಕೆ ಫೋನ್ ಮಾಡಿದೆ. ಅದು 2022ರಲ್ಲಿ ಸರಕಾರ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆಯ ಅಕ್ಕನ ಹೆಸರು ನನಗೆ ಗೊತ್ತಿಲ್ಲ. ಡಾಕ್ಟರ ಹತ್ತಿರ ಹೋಗಿ ಅಂತ ಧೈರ್ಯ ಹೇಳಿದ್ದು ಅವರೇ, ಅವರಿಗೂ ನನ್ನ ನಮಸ್ಕಾರ. ನನಗಾದದ್ದು ಬರ್ನೌಟ್, ಅಂದರೆ ಕೆಲಸದ ಒತ್ತಡಕ್ಕೆ ಮೈ-ಮನಸ್ಸು ಬಳಲಿಹೋಗುವುದು. ಅದು ಕೆಲಸದಿಂದ ಬರುವ ತೊಂದರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ನಮ್ಮಲ್ಲಿ ಅದನ್ನು ಇನ್ನೂ ಸೋಮಾರಿತನ ಅನ್ನುವವರಿದ್ದಾರೆ.

ರಜೆ ಕೇಳಲು ಹೆದರಿಕೆಯಿತ್ತು. ತಿಂಗಳ ಕೊನೆಗೆ ಬ್ಯಾಂಕಿನ ಲೆಕ್ಕ ಹೊಂದಿಸುವ ಕೆಲಸ ನನಗೊಬ್ಬಳಿಗೇ ಗೊತ್ತಿದ್ದದ್ದು. ನಮ್ಮ ಮೇಡಂ ಒಂದು ಉಪಾಯ ಮಾಡಿದರು. "ಹೋಗೋ ಮೊದಲು ದಿನಾ ಒಂದು ಗಂಟೆ ಸ್ಕ್ರೀನ್ ಶೇರ್ ಮಾಡಿ, ಕೈ ಏನು ಮಾಡುತ್ತೋ ಅದನ್ನ ಬಾಯಲ್ಲಿ ಹೇಳ್ತಾ ಹೋಗಿ" ಅಂದರು. ಧಾರವಾಡದ ಹುಡುಗಿ ಬರೆದುಕೊಳ್ಳುತ್ತಿದ್ದಳು. ಮೊದಲ ದಿನವೇ ತಡೆದಳು: "ಅಕ್ಕಾರ, ತಡೀರಿ, ಈಗೇನ್ ಮಾಡಿದ್ರಿ?" ನಾನು ಮಾಡಿದ್ದಿಷ್ಟೇ, ಬ್ಯಾಂಕಿನ ಫೈಲನ್ನು ಎಕ್ಸೆಲ್‌ಗೆ ತರುವಾಗ ಖಾತೆ ಸಂಖ್ಯೆಯ ಕಾಲಂ ಅನ್ನು ಟೆಕ್ಸ್ಟ್ ಅಂತ ಬದಲಿಸಿದೆ. ಸಂಖ್ಯೆಯಾಗಿ ಬಿಟ್ಟರೆ ಎಕ್ಸೆಲ್ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತದೆ, 16ನೆಯದು ಸೊನ್ನೆಯಾಗುತ್ತದೆ, ಆಮೇಲೆ ಯಾವ ಲೆಕ್ಕವೂ ತಾಳೆಯಾಗುವುದಿಲ್ಲ. ಇದೂ ಹೇಳಬೇಕಾದ ವಿಷಯ ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಆಫೀಸಿನಲ್ಲಾದರೆ ಪಕ್ಕದ ಸೀಟಿನವರು ನೋಡಿಯೇ ಕಲಿಯುತ್ತಾರೆ, ಮನೆಯಲ್ಲಿ ನೋಡುವವರು ಯಾರು? ಅವಳು ಅಷ್ಟು ಸಣ್ಣದನ್ನೂ ಬಿಡದೆ ಕೇಳಿದ್ದಕ್ಕೇ ನನ್ನ ತಲೆಯಲ್ಲಿದ್ದದ್ದು ಎಲ್ಲರ ಕೈಗೆ ಸಿಕ್ಕಿತು.

ಆಮೇಲೆ ರಜೆ ಮುಗಿಯುವವರೆಗೆ ಆಫೀಸಿನಿಂದ ಒಂದು ಫೋನೂ ಬರಲಿಲ್ಲ. ನಡುವೆ ಒಮ್ಮೆ ಲೆಕ್ಕ ಸಿಕ್ಕಿಹಾಕಿಕೊಂಡಿತ್ತಂತೆ. ಪುಣೆಯ ಅಣ್ಣ, ಕೊಚ್ಚಿಯವರು ಎಲ್ಲ ಒಂದೇ ಆನ್‌ಲೈನ್ ಕಾಲ್‌ನಲ್ಲಿ ಕೂತು, ಆ ಬರಹ ಮುಂದಿಟ್ಟುಕೊಂಡು ತಾವೇ ಬಿಡಿಸಿದ್ದಾರೆ. ನನಗೆ ಗೊತ್ತಾದದ್ದು ಈ ಸೋಮವಾರ. ಒತ್ತಡ ಕಳೆಯಲು ಯೋಗ ಆ್ಯಪ್, ಆನ್‌ಲೈನ್ ಆಟ ಅಂತ ಎಷ್ಟೋ ಕಂಪನಿಗಳು ಕೊಡುತ್ತವೆ, ಬೇಡ ಅನ್ನುವುದಿಲ್ಲ. ನನಗೆ ನಿದ್ದೆ ವಾಪಸ್ ತಂದದ್ದು ಮಾತ್ರ ನೀವು ಬರೆದಿಟ್ಟ ಆ ಪುಟಗಳು.

ಧಾರವಾಡದ ತಂಗಿಗೆ ಮುಂದಿನ ತಿಂಗಳು ಮದುವೆ. ನಾಳೆಯಿಂದ ಅವಳು ಸ್ಕ್ರೀನ್ ಶೇರ್ ಮಾಡುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ರಜೆಯಲ್ಲಿ ಅವಳಿಗೆ ಯಾರೂ ಫೋನ್ ಮಾಡಬಾರದು, ಮದುವೆಗೆ ಬರುವುದಿದ್ದರೆ ಬನ್ನಿ.