ಡಿಸೆಂಬರ್ 24ಕ್ಕೆ ಟಿಕೆಟ್ ತೆಗೀಬೇಡಿ

ಮ್ಯಾಂಚೆಸ್ಟರ್
ಡಿಸೆಂಬರ್ 18

ಪ್ರೀತಿಯ ಅಪ್ಪಾಜಿ, ಅಮ್ಮನಿಗೆ,

ನಿಮ್ಮ ಸಣ್ಣ ಮಗಳ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಪುಟ್ಟನಿಗೆ ನೆಗಡಿ ಆಗಿತ್ತು, ಈಗ ಕಡಿಮೆಯಾಗಿದೆ. ಡಿಸೆಂಬರ್‌ನಲ್ಲಿ ಇಲ್ಲಿನ ಸ್ಕೂಲಿಗೆ ಹೋಗುವ ಯಾವ ಮಗುವಿನ ಮೂಗು ಸೋರುವುದಿಲ್ಲ ಹೇಳಿ. ಅಮ್ಮ, ಗಾಬರಿ ಆಗಬೇಡ.

ಅಪ್ಪಾಜಿ, ಮೊನ್ನೆ ಫೋನಲ್ಲಿ ಕೇಳಿದಿರಲ್ಲ, ಮುಂದಿನ ವರ್ಷ ಕ್ರಿಸ್‌ಮಸ್ ನೋಡೋಕೆ ಡಿಸೆಂಬರ್ 24ಕ್ಕೆ ಬಂದಿಳಿದರೆ ಸರಿಹೋಗುತ್ತಾ ಅಂತ. ಅಷ್ಟರಲ್ಲಿ ನಿಮ್ಮ ಮೊಮ್ಮಗ ಫೋನ್ ಕಿತ್ತುಕೊಂಡ, ಮಾತು ಅಲ್ಲಿಗೇ ನಿಂತಿತು. ಅದಕ್ಕೇ ಈ ಪತ್ರ. ದಯವಿಟ್ಟು 24ಕ್ಕೆ ಟಿಕೆಟ್ ತೆಗೀಬೇಡಿ. ನವೆಂಬರ್ ಕೊನೆಗೆ ಬಂದುಬಿಡಿ.

ನಮ್ಮಲ್ಲಿ ಹಬ್ಬದ ಗದ್ದಲ ಎಲ್ಲ ಹಬ್ಬದ ದಿನವೇ. ಇಲ್ಲಿ ಉಲ್ಟಾ. 25ನೇ ತಾರೀಖು ಬರುವ ಹೊತ್ತಿಗೆ ಊರೆಲ್ಲ ಬಾಗಿಲು ಹಾಕಿರುತ್ತದೆ. ಅವತ್ತು ದೇಶದಲ್ಲೆಲ್ಲೂ ರೈಲು ಓಡುವುದಿಲ್ಲ. ನಮ್ಮ ಕಡೆ ಬಸ್ಸೂ ಸಿಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ದೊಡ್ಡ ಅಂಗಡಿಗಳು ಕ್ರಿಸ್‌ಮಸ್ ದಿನ ತೆರೆಯಬಾರದು ಅಂತ 2004ರಲ್ಲಿ ಕಾನೂನೇ ಮಾಡಿದ್ದಾರೆ. ಜನ ಅವರವರ ಮನೆಯಲ್ಲಿ ಊಟ ಮಾಡುತ್ತಾರೆ, ಮಧ್ಯಾಹ್ನ ಮೂರಕ್ಕೆ ಟೀವಿಯಲ್ಲಿ ರಾಜರ ಭಾಷಣ ಕೇಳುತ್ತಾರೆ, ನಿದ್ದೆ ಮಾಡುತ್ತಾರೆ. 24ಕ್ಕೆ ಬಂದರೆ ನೀವು ನೋಡೋದು ನಮ್ಮ ಮನೆ ಗೋಡೆ, ಎದುರು ಮನೆ ಗೋಡೆ. ಅಷ್ಟಕ್ಕೆ ಇಷ್ಟು ದುಡ್ಡು ಯಾಕೆ ಅಂತ ಅಮ್ಮನೇ ಬಯ್ಯುತ್ತಾಳೆ.

ನೋಡುವುದೆಲ್ಲ ಇರುವುದು ಅದರ ಹಿಂದಿನ ಐದಾರು ವಾರದಲ್ಲಿ. ನನಗನ್ನಿಸೋದು, ಇದಕ್ಕೆಲ್ಲ ಮೂಲ ಕತ್ತಲೆ. ಈಗ ಇಲ್ಲಿ ಬೆಳಗಾಗುವುದು ಎಂಟು ಇಪ್ಪತ್ತರ ಸುಮಾರಿಗೆ. ಮಧ್ಯಾಹ್ನ ಮೂರು ಐವತ್ತಕ್ಕೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಅವನು ಇರೋ ಹೊತ್ತಲ್ಲೂ ಮೋಡದ ಹಿಂದೆಯೇ ಇರುತ್ತಾನೆ ಅನ್ನಿ. ಮನೆಯೊಳಗೇ ಕೂತರೆ ತಲೆ ಕೆಡುತ್ತದೆ. ಮೊದಲ ವರ್ಷ ನನಗೆ ಹಾಗೇ ಆಗಿತ್ತು, ನಿಮಗೆ ಹೇಳಿರಲಿಲ್ಲ. ಅದಕ್ಕೇ ಇಲ್ಲಿನ ಜನ ದೀಪ ಹಚ್ಚಿಕೊಂಡು, ಟೋಪಿ ಹಾಕಿಕೊಂಡು, ಮಳೆಯಲ್ಲೇ ಹೊರಗೆ ಸುತ್ತುತ್ತಾರೆ. ಈಗ ನಾವೂ ಕಲಿತಿದ್ದೇವೆ.

ಮೊದಲು ಬರುವುದು ಕ್ರಿಸ್‌ಮಸ್ ಮಾರ್ಕೆಟ್. ನವೆಂಬರ್ ಎರಡನೇ ವಾರದ ಹೊತ್ತಿಗೆ ಊರ ನಡುವಿನ ಚೌಕಗಳಲ್ಲಿ ಮರದ ಗೂಡಂಗಡಿಗಳು ಏಳುತ್ತವೆ. ಪದ್ಧತಿ ಜರ್ಮನಿಯದು, ಮ್ಯಾಂಚೆಸ್ಟರ್‌ಗೆ ಬಂದದ್ದು 1990ರ ದಶಕದ ಕೊನೆಗೆ. ಜನ ಹೆಚ್ಚಾಗಿ ಬರುವುದು ಬಿಸಿ ವೈನ್ ಕುಡಿಯೋಕೆ. ಅದಕ್ಕೆ ಚಕ್ಕೆ, ಲವಂಗ, ಕಿತ್ತಳೆ ಸಿಪ್ಪೆ ಹಾಕಿ ಕಾಯಿಸುತ್ತಾರೆ, ಬೀದಿಗೆ ಬೀದಿಯೇ ನಮ್ಮ ಪಲಾವ್ ಒಗ್ಗರಣೆ ವಾಸನೆ. ಅಪ್ಪಾಜಿ, ನಿಮಗೆ ಬಿಸಿ ಚಾಕಲೇಟ್ ಕೊಡಿಸುತ್ತೇನೆ. ಕೊಡುವುದು ಪಿಂಗಾಣಿ ಮಗ್‌ನಲ್ಲಿ, ಅದಕ್ಕೆ ಮೊದಲೇ ಡಿಪಾಸಿಟ್ ಇಸ್ಕೊಳ್ಳುತ್ತಾರೆ. ಮಗ್ ವಾಪಸ್ ಕೊಟ್ಟರೆ ದುಡ್ಡು ವಾಪಸ್, ಇಲ್ಲದಿದ್ದರೆ ಮನೆಗೆ ತರಬಹುದು. ನಮ್ಮ ಅಡುಗೆಮನೆಯಲ್ಲಿ ಈಗ ಅಂಥವು ಒಂದು ಸಾಲು ನಿಂತಿವೆ. ಇವರಿಗೆ ಕ್ಯೂನಲ್ಲಿ ನಿಂತು ವಾಪಸ್ ಕೊಡೋಕೆ ಬೇಜಾರು, ಕಾರಣ ಅಷ್ಟೇ. ತಿನ್ನೋಕೆ ಉದ್ದುದ್ದ ಸಾಸೇಜ್‌ಗಳೇ ಜಾಸ್ತಿ. ನಮಗೆ ಸುಟ್ಟ ಚೆಸ್ಟ್‌ನಟ್ ಇದೆ, ಪಡ್ಡಿನಷ್ಟೇ ಗಾತ್ರದ ಡಚ್ ಪ್ಯಾನ್‌ಕೇಕ್ ಇದೆ. ರೇಟು ಮಾತ್ರ ರೂಪಾಯಿಗೆ ಲೆಕ್ಕ ಹಾಕಬೇಡಿ, ಗಂಟಲಲ್ಲಿ ಇಳಿಯಲ್ಲ. ಶನಿವಾರ ಸಂಜೆ ಕಾಲಿಡೋಕೆ ಜಾಗ ಇರಲ್ಲ. ವಾರದ ನಡುವೆ ಮಧ್ಯಾಹ್ನ ಹೋಗೋಣ.

ಪುಟ್ಟನ ಸ್ಕೂಲಿನ ನಾಟಕದ ಫೋಟೋ ಕಳಿಸಿದ್ದೆ, ಅಮ್ಮ ಅವನನ್ನು ಮೋಡ ಅಂದುಕೊಂಡಳು. ಅಲ್ಲಮ್ಮ, ಕುರಿ. ಇಲ್ಲಿ ಪುಟ್ಟ ಮಕ್ಕಳ ಸ್ಕೂಲುಗಳಲ್ಲಿ ಡಿಸೆಂಬರ್ ಬಂತು ಅಂದರೆ ಯೇಸು ಹುಟ್ಟಿದ ಕಥೆ ಆಡಿಸುತ್ತಾರೆ. ನಮ್ಮೂರ ಚರ್ಚಿನಲ್ಲಿ ಗೋದಲಿ ಕಟ್ಟಿರುತ್ತಿದ್ದರಲ್ಲ, ಅಕ್ಕನನ್ನೂ ನನ್ನನ್ನೂ ಕರ್ಕೊಂಡು ಹೋಗಿ ತೋರಿಸುತ್ತಿದ್ದೆಯಲ್ಲ, ಅದೇ ಕಥೆ. ಇಲ್ಲಿ ಗೊಂಬೆಗಳ ಜಾಗದಲ್ಲಿ ಮಕ್ಕಳೇ ನಿಲ್ಲುತ್ತವೆ. ಕುರುಬರ ಪಾತ್ರದ ಮಕ್ಕಳು ಅಡುಗೆಮನೆ ಟವೆಲ್ಲನ್ನೇ ತಲೆಗೆ ಹೊದ್ದು ದಾರ ಕಟ್ಟಿಕೊಂಡಿದ್ದವು. ನಾನು ಪುಟ್ಟನ ಬಿಳಿ ಬನಿಯನ್ನಿಗೆ ಅರಳೆ ಉಂಡೆಗಳನ್ನು ಅಂಟಿಸಿದ್ದೆ, ರಾತ್ರಿ ಹನ್ನೊಂದರ ತನಕ ಅದೇ ಕೆಲಸ. ಅವನು ಸ್ಟೇಜ್ ಮೇಲೆ ಬಂದು ನಿಂತವನೇ ಹೊಟ್ಟೆ ಮೇಲಿನ ಅರಳೆ ಒಂದೊಂದೇ ಕಿತ್ತು ಪಕ್ಕದ ಒಂಟೆಗೆ ಕೊಡೋಕೆ ಶುರುಮಾಡಿದ. ಒಂಟೆ ಪಾತ್ರದ ಹುಡುಗಿ ಮರ್ಯಾದೆಯಿಂದ ಎಲ್ಲ ಇಸ್ಕೊಂಡು ಜೇಬಿಗೆ ಹಾಕಿಕೊಂಡಳು. ದೇವದೂತ ಹಾಡು ಮರೆತ. ಮೇರಿಯಮ್ಮ ಮಗುವನ್ನು ಒಂದು ಕಾಲು ಹಿಡಿದು ಎತ್ತಿದಳು. ನಾವು ಅಪ್ಪ ಅಮ್ಮಂದಿರೆಲ್ಲ ಮಕ್ಕಳ ಗಿಡ್ಡ ಕುರ್ಚಿಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿ ಕೂತು ಚಪ್ಪಾಳೆ ಹೊಡೆದೆವು. ಮುಸ್ಲಿಂ ಮಕ್ಕಳು, ಸಿಖ್ ಮಕ್ಕಳು, ನಮ್ಮವನು, ಎಲ್ಲ ಅದೇ ಸ್ಟೇಜಿನಲ್ಲಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಅಪ್ಪಾಜಿ, ನಿಮ್ಮನ್ನು ಮೊದಲು ಕರ್ಕೊಂಡು ಹೋಗಬೇಕು ಅಂತಿರುವುದು ಬೇರೆ ಕಡೆ. ನನಗೆ ಇಲ್ಲಿ ಕೆಲಸ ಸಿಕ್ಕಾಗ ‘ಕರ್ನಾಟಕದ ಮ್ಯಾಂಚೆಸ್ಟರ್‌ನಿಂದ ಅಸಲಿ ಮ್ಯಾಂಚೆಸ್ಟರ್‌ಗೆ ಹೊಂಟಾಳ’ ಅಂತ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಿರಿ. ನಮ್ಮ ದಾವಣಗೆರೆಗೆ ಆ ಹೆಸರು ಬಂದದ್ದೇ ಹತ್ತಿ ಮಿಲ್ಲುಗಳಿಂದ ಅಲ್ಲವೇ. ಆ ಅಸಲಿ ಮಿಲ್ಲು ನೋಡಬೇಕು ಅಂದರೆ ಕ್ವಾರಿ ಬ್ಯಾಂಕ್‌ಗೆ ಹೋಗಬೇಕು. ಸ್ಟಾಯಲ್ ಅಂತ ಹಳ್ಳಿ, ನೀವು ಇಳಿಯುವ ವಿಮಾನ ನಿಲ್ದಾಣದ ಪಕ್ಕದಲ್ಲೇ. ತೋಟದಲ್ಲಿ ನಿಂತರೆ ತಲೆ ಮೇಲೆ ವಿಮಾನದ ಹೊಟ್ಟೆ ಕಾಣುತ್ತದೆ. 1784ರಲ್ಲಿ ಸ್ಯಾಮ್ಯುಯೆಲ್ ಗ್ರೆಗ್ ಅನ್ನುವವನು ಬೊಲಿನ್ ನದಿ ದಂಡೆಯಲ್ಲಿ ಕಟ್ಟಿಸಿದ ಹತ್ತಿ ಮಿಲ್ಲು ಅದು, ನೀರಿನ ಚಕ್ರದಿಂದ ಓಡುತ್ತಿತ್ತು. ಬಟ್ಟೆ ಉತ್ಪಾದನೆ ನಿಂತದ್ದು 1959ರಲ್ಲಿ. ಈಗ ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆ ನೋಡಿಕೊಳ್ಳುತ್ತದೆ. ಡಿಸೆಂಬರ್‌ನಲ್ಲಿ ಹಸಿರು ಕೊಂಬೆ, ದೀಪ ಕಟ್ಟಿ ಅಲಂಕಾರ ಮಾಡಿರುತ್ತಾರೆ, ಮಕ್ಕಳನ್ನು ಕರ್ಕೊಂಡು ಜನ ಬರುತ್ತಾರೆ. ನಾವೂ ಹಾಗೇ ಹೋದದ್ದು.

ಆದರೆ ಒಳಗೆ ಮಗ್ಗಗಳನ್ನು ಇನ್ನೂ ಓಡಿಸಿ ತೋರಿಸುತ್ತಾರೆ. ಅಲ್ಲಿನ ಹೆಂಗಸು ಸ್ವಿಚ್ ಒತ್ತಿದ್ದೇ ತಡ, ನೆಲ ನಡುಗಿತು. ಪುಟ್ಟ ಕಿವಿ ಮುಚ್ಚಿಕೊಂಡು ಇವರ ಕಾಲಿಗೆ ಅಂಟಿಕೊಂಡ. ಓಡಿಸಿದ್ದು ಬರೀ ಒಂದೆರಡು. ಇಡೀ ಮಾಳಿಗೆ ತುಂಬ ಓಡುತ್ತಿದ್ದಾಗ ಕೆಲಸದವರು ಮಾತೇ ಆಡುತ್ತಿರಲಿಲ್ಲವಂತೆ. ತುಟಿಯನ್ನು ದೊಡ್ಡದಾಗಿ ಆಡಿಸಿ, ಕೈಸನ್ನೆ ಮಾಡಿ ಮಾತು ಮುಟ್ಟಿಸುತ್ತಿದ್ದರು. ಆ ಹೆಂಗಸು ಮಾಡಿ ತೋರಿಸಿದಳು. ಒಂದು ಸದ್ದಿಲ್ಲ, ಆದರೆ ಬರೀ ತುಟಿಯಲ್ಲೇ ‘ಟೀ ಕುಡಿಯೋಣ ಬಾ’ ಅಂದದ್ದು ನನಗೂ ಗೊತ್ತಾಯಿತು. ಅಜ್ಜ ಮಿಲ್ಲು ಬಿಟ್ಟು ಎಷ್ಟೋ ವರ್ಷ ಆದಮೇಲೂ ಮನೆಯಲ್ಲಿ ಕೂಗಿಕೊಂಡೇ ಮಾತಾಡುತ್ತಿದ್ದರಲ್ಲ, ಅಜ್ಜಿ ‘ನಾನೇನು ಕಿವುಡಿನಾ’ ಅಂತ ಜಗಳ ತೆಗೆಯುತ್ತಿದ್ದಳಲ್ಲ, ಯಾಕೆ ಅಂತ ಅವತ್ತು ಅರ್ಥವಾಯಿತು. ನೀವು ಬುತ್ತಿ ಕೊಡೋಕೆ ಗೇಟಿನ ತನಕ ಹೋಗುತ್ತಿದ್ದಿರಿ ಅಂತ ಹೇಳುತ್ತಿದ್ದಿರಿ. ಒಳಗೆ ಬಿಡುತ್ತಿದ್ದರಾ? ಇದನ್ನು ನಾನು ಯಾವತ್ತೂ ಕೇಳೇ ಇಲ್ಲ ನೋಡಿ.

ಮಿಲ್ಲಿನಿಂದ ಸ್ವಲ್ಪ ದೂರದಲ್ಲಿ ಒಂದು ಮನೆ ಇದೆ. ಅನಾಥಾಲಯದಂಥ ಕಡೆಗಳಿಂದ ತಂದ ಮಕ್ಕಳನ್ನು ಅಲ್ಲಿ ಇಟ್ಟು, ಊಟ ಬಟ್ಟೆ ಕೊಟ್ಟು, ದಿನಕ್ಕೆ ಹನ್ನೆರಡು ಗಂಟೆ ಮಿಲ್ಲಿನಲ್ಲಿ ದುಡಿಸುತ್ತಿದ್ದರು. ಒಂಬತ್ತು, ಹತ್ತು ವರ್ಷದ ಮಕ್ಕಳು. ಮಂಚಕ್ಕೆ ಇಬ್ಬರು. ಅಲ್ಲಿ ಬರುತ್ತಿದ್ದ ಹತ್ತಿ ಅಮೆರಿಕದ ಗುಲಾಮರು ಬೆಳೆದದ್ದು. ಇದನ್ನೆಲ್ಲ ಮುಚ್ಚಿಟ್ಟಿಲ್ಲ, ಬೋರ್ಡ್ ಹಾಕಿ ಬರೆದಿದ್ದಾರೆ. ಕ್ರಿಸ್‌ಮಸ್ ಅಲಂಕಾರದ ನಡುವೆ ಅದನ್ನು ಓದುವುದು ಒಂಥರಾ ಆಗುತ್ತದೆ. ಆದರೂ ಮುಚ್ಚಿಡದೆ ಇರುವುದೇ ವಾಸಿ. ನಮ್ಮೂರ ಮಿಲ್ಲುಗಳದ್ದು ಯಾರಾದರೂ ಹೀಗೆ ಒಂದಾದರೂ ಉಳಿಸಬಹುದಿತ್ತು ಅಂತ ಇವರು ಅಂದರು. ಇವರು ತುಮಕೂರಿನವರು, ಆದರೂ ಅಂದರು.

ರೈಲಿನ ವಿಷಯ. ಹತ್ತಿರದ ಬರಿ ಅನ್ನುವ ಊರಿಂದ ಈಸ್ಟ್ ಲ್ಯಾಂಕಾಷೈರ್ ರೈಲ್ವೆ ಅಂತ ಹಳೇ ಉಗಿಬಂಡಿ ಓಡಿಸುತ್ತಾರೆ. ಡಿಸೆಂಬರ್‌ನಲ್ಲಿ ಅದರಲ್ಲಿ ಸಾಂಟಾ ಬರುತ್ತಾನೆ, ಬೋಗಿ ಬೋಗಿಗೂ ಬಂದು ಮಕ್ಕಳಿಗೆ ಉಡುಗೊರೆ ಕೊಡುತ್ತಾನೆ. ನಿಮ್ಮ ಮೊಮ್ಮಗ ಗಾಬರಿಯಲ್ಲಿ ಇಂಗ್ಲಿಷ್ ಮರೆತು ‘ಥ್ಯಾಂಕ್ಸ್ ಅಜ್ಜ’ ಅಂದ. ಸಾಂಟಾ ‘ಯೆಸ್ ಯೆಸ್’ ಅಂತ ಮುಂದೆ ಹೋದ. ನಡೆಸುವವರಲ್ಲಿ ಬಹಳ ಜನ ಸಂಬಳ ಇಲ್ಲದೆ ಬಂದು ದುಡಿಯುವವರು, ರಿಟೈರ್ ಆದ ಅಜ್ಜಂದಿರೇ ಹೆಚ್ಚು. ಮುಖಕ್ಕೆಲ್ಲ ಮಸಿ ಬಳಿದುಕೊಂಡು ಎಷ್ಟು ಖುಷಿಯಾಗಿರುತ್ತಾರೆ ಅಂತೀರಿ! ನಮ್ಮಲ್ಲಿ ಮೀಟರ್ ಗೇಜ್ ಇದ್ದಾಗಿನ ಕರಿ ಇಂಜಿನ್ ಕಥೆ ನೀವು ಶುರುಮಾಡಿದರೆ ಅವರು ನಿಮ್ಮನ್ನು ಬಿಡುವುದಿಲ್ಲ, ಭಾಷೆ ಬರದಿದ್ದರೂ ಪರವಾಗಿಲ್ಲ. ಈ ಟಿಕೆಟ್ಟು ಮೊದಲೇ ಖಾಲಿಯಾಗುತ್ತವೆ. ನಿಮ್ಮ ದಿನ ಗೊತ್ತಾದರೆ ಸೆಪ್ಟೆಂಬರ್‌ನಲ್ಲೇ ತೆಗೆದಿಡುತ್ತೇನೆ.

ಅಲ್ಲಿ ದೊಡ್ಡವರಿಗೆ ಮಿನ್ಸ್ ಪೈ ಕೊಟ್ಟರು. ಒಣದ್ರಾಕ್ಷಿ, ಸಕ್ಕರೆ, ಮಸಾಲೆ ತುಂಬಿದ ಚಿಕ್ಕ ಕಡುಬು. ರುಚಿ ಪರವಾಗಿಲ್ಲ. ಆದರೆ ಅಮ್ಮ, ಹಳೇ ಪದ್ಧತಿಯಲ್ಲಿ ಅದಕ್ಕೆ ದನದ ಕೊಬ್ಬು ಹಾಕುತ್ತಾರೆ. ಈಗ ಅಂಗಡಿಯಲ್ಲಿ ಸಿಗುವುದರಲ್ಲಿ ಬಹಳಷ್ಟು ಸಸ್ಯದ ಕೊಬ್ಬಿನವು, ಡಬ್ಬಿ ಮೇಲೆ ಬರೆದಿರುತ್ತದೆ. ನಾನು ಓದಿ ಹೇಳದೆ ಯಾರು ಏನು ಕೊಟ್ಟರೂ ಬಾಯಿಗೆ ಹಾಕಬೇಡ. ನೀನು ಸಂಕೋಚಕ್ಕೆ ತಿಂದುಬಿಡುತ್ತೀಯ, ನನಗೆ ಗೊತ್ತು.

ನಿನಗೆ ಜಾಸ್ತಿ ಹಿಡಿಸುವುದು ಪ್ಯಾಂಟೊಮೈಮ್. ಹೆಸರು ಏನಾದರೂ ಇರಲಿ, ಅದು ನಮ್ಮ ಕಂಪನಿ ನಾಟಕವೇ. ನೀನು ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಕಂಪನಿ ಟೆಂಟಿನಲ್ಲಿ ಎರಡನೇ ಆಟ ನೋಡಿ ಬರುತ್ತಿದ್ದ ಕಥೆ ಹೇಳುತ್ತಿದ್ದೆಯಲ್ಲ, ಇಲ್ಲಿ ಕೂತರೆ ನಿನಗೆ ಅದೇ ನೆನಪಾಗುತ್ತದೆ. ದಪ್ಪ ಗಂಡಸು ಸೀರೆ ಬದಲು ದೊಡ್ಡ ಗೌನು ಹಾಕಿಕೊಂಡು ಮುದುಕಿ ಪಾತ್ರ ಮಾಡುತ್ತಾನೆ. ಮುಂದಿನ ಸಾಲಿನ ಯಾವನೋ ಬಡಪಾಯಿಯನ್ನು ಹಿಡಿದು ನಾಟಕ ಮುಗಿಯುವವರೆಗೂ ಗೋಳು ಹೊಯ್ದುಕೊಳ್ಳುತ್ತಾನೆ. ಖಳ ಬಂದರೆ ಜನ ಬೂ ಅಂತ ಕೂಗಬೇಕು, ಕೂಗದಿದ್ದರೆ ಅವನಿಗೇ ಬೇಜಾರು. ‘ನಿನ್ನ ಹಿಂದೇ ಇದ್ದಾನೆ!’ ಅಂತ ಇಡೀ ಥಿಯೇಟರ್ ಅರಚುತ್ತದೆ. ಡಬಲ್ ಮೀನಿಂಗ್ ಮಾತೂ ಇರುತ್ತವೆ, ಮಕ್ಕಳಿಗೆ ತಿಳಿಯಲ್ಲ, ದೊಡ್ಡವರು ಬಾಯಿ ಮುಚ್ಚಿಕೊಂಡು ನಗುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವರ ಮುಖ ನೋಡದ ಜನ ಇವರೇನಾ ಅನ್ನಿಸುತ್ತದೆ. ಇದೊಂದು ಮಾತ್ರ ಜನವರಿವರೆಗೂ ನಡೆಯುತ್ತದೆ, ಅವಸರ ಇಲ್ಲ.

ಡನ್‌ಹ್ಯಾಮ್ ಮ್ಯಾಸಿ ತೋಟದಲ್ಲಿ ದೀಪಾಲಂಕಾರ ಮಾಡುತ್ತಾರೆ, ಮರ ಮರಕ್ಕೂ ಬಣ್ಣದ ಬೆಳಕು. ಚೆನ್ನಾಗಿರುತ್ತದೆ, ಆದರೆ ಕೆಸರಲ್ಲಿ ಬಹಳ ನಡೆಯಬೇಕು. ಅಪ್ಪಾಜಿ ಮಂಡಿ ಹೇಗಿದೆ ನೋಡಿಕೊಂಡು ತೀರ್ಮಾನ ಮಾಡೋಣ. ನಮ್ಮ ಆಫೀಸಿನ ಕ್ರಿಸ್‌ಮಸ್ ಊಟದ ಬಗ್ಗೆ ಹೇಳುವಂಥದ್ದು ಏನಿಲ್ಲ. ಎಲ್ಲರೂ ತಲೆಗೆ ಕಾಗದದ ಕಿರೀಟ ಹಾಕಿಕೊಂಡು ಗಂಭೀರವಾಗಿ ಬೇಯಿಸಿದ ಕೋಸು ತಿನ್ನುತ್ತಾರೆ.

ಈಗ ಕೆಲಸದ ಮಾತು. ವೀಸಾಗೆ ಪ್ರಯಾಣದ ದಿನಕ್ಕಿಂತ ಮೂರು ತಿಂಗಳ ಒಳಗೇ ಅರ್ಜಿ ಹಾಕಬೇಕು, ಅದಕ್ಕಿಂತ ಮೊದಲು ತೆಗೆದುಕೊಳ್ಳಲ್ಲ. ಅಂದರೆ ಆಗಸ್ಟ್ ಕೊನೆ, ಸೆಪ್ಟೆಂಬರ್ ಶುರು. ಬೆರಳಚ್ಚು ಕೊಡೋಕೆ ಬೆಂಗಳೂರಿಗೆ ಹೋಗಬೇಕು, ಭಾವನಿಗೆ ಹೇಳಿದ್ದೇನೆ, ಕರ್ಕೊಂಡು ಹೋಗುತ್ತಾರೆ. ಅಮ್ಮನ ಪಾಸ್‌ಪೋರ್ಟ್ ಅವಧಿ ಯಾವಾಗ ಮುಗಿಯುತ್ತದೆ ಅಂತ ಇವತ್ತೇ ನೋಡಿ. ಬೀರುವಿನಲ್ಲಿ ಒಡವೆ ಡಬ್ಬಿ ಕೆಳಗಿರುತ್ತದೆ.

ಅಮ್ಮ, ಬೆಣ್ಣೆ, ತುಪ್ಪ, ಪೇಡೆ ಏನೂ ಕಟ್ಟಬೇಡ. ಹಾಲಿನ ಪದಾರ್ಥ ಈ ದೇಶದೊಳಕ್ಕೆ ಬಿಡುವುದಿಲ್ಲ, ಏರ್‌ಪೋರ್ಟಿನಲ್ಲೇ ಕಸಕ್ಕೆ ಹಾಕುತ್ತಾರೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಖಡಕ್ ರೊಟ್ಟಿ ತಾ. ಇಲ್ಲಿನ ಬೆಣ್ಣೆಯಲ್ಲೇ ದೋಸೆ ಹೊಯ್ದುಕೊಡುವೆಯಂತೆ. ಮಂಡಕ್ಕಿ ಇಲ್ಲಿ ಸಿಗುತ್ತದೆ, ನಮ್ಮ ಭಟ್ಟಿ ಮಂಡಕ್ಕಿಯಷ್ಟು ಗರಿಗರಿ ಇರಲ್ಲ, ಆದರೂ ಚೀಲದಲ್ಲಿ ಜಾಗ ತಿನ್ನೋಕೆ ಅದನ್ನು ತರಬೇಡ. ಆ ಜಾಗದಲ್ಲಿ ಅಪ್ಪಾಜಿಗೆ ಎರಡು ಜೊತೆ ದಪ್ಪ ಸಾಕ್ಸ್ ಇಡು. ಸ್ವೆಟರ್ ಅಲ್ಲಿ ಕೊಳ್ಳಬೇಡಿ, ಇಲ್ಲಿ ಕೊಡಿಸುತ್ತೇನೆ.

ಅಕ್ಕನಿಗೂ ಈ ಪತ್ರ ಓದೋಕೆ ಕೊಡಿ. ಅವಳ ಮಕ್ಕಳಿಗೆ ರಜಾ ಸಿಕ್ಕರೆ ಅವರೂ ಬರಲಿ, ನೆಲದ ಮೇಲೆ ಹಾಸಿಗೆ ಹಾಕಿದರಾಯಿತು.

ಪಾಸ್‌ಪೋರ್ಟ್ ನೋಡಿದ ತಕ್ಷಣ ಫೋನ್ ಮಾಡಿ.

ನಿಮ್ಮ ಪ್ರೀತಿಯ ಸಣ್ಣ ಮಗಳು