ಶನಿವಾರದ ಪಳೆಯುಳಿಕೆ ಪಾಠ: ಪಾಲಕರ ಗಮನಕ್ಕೆ

ನಾಲ್ಕನೆಯ ತರಗತಿಯ ಪಾಲಕರೆಲ್ಲರಿಗೂ ನಮಸ್ಕಾರ.

ಬರುವ ಶನಿವಾರ ಬೆಳಿಗ್ಗೆ 9 ಗಂಟೆಗೆ ಮಕ್ಕಳು ಪಳೆಯುಳಿಕೆಯ ಅಚ್ಚು ತಯಾರಿಸಲಿದ್ದಾರೆ. ಸತ್ತ ಪ್ರಾಣಿಯು ಬೇಗನೆ ಕೆಸರಿನಲ್ಲಿ ಹೂತುಹೋದರೆ, ಮಾಂಸ ಕೊಳೆತು ಎಲುಬು, ಚಿಪ್ಪುಗಳಷ್ಟೇ ಉಳಿದು, ಅವುಗಳ ಸಣ್ಣ ರಂಧ್ರಗಳಲ್ಲಿ ನೀರಿನೊಂದಿಗೆ ಬಂದ ಖನಿಜಗಳು ತುಂಬಿಕೊಂಡು, ಬಹುಕಾಲದ ನಂತರ ಕಲ್ಲಾಗುವ ಬಗೆಯನ್ನು ಅವರಿಗೆ ವಿವರಿಸಲಾಗುವುದು.

ಪ್ರತಿ ಮಗುವಿನ ಕೈಯಲ್ಲಿ ನಾದಿದ ಎರೆಮಣ್ಣಿನ ಒಂದು ಉಂಡೆ, ಬಸವನಹುಳುವಿನ ಖಾಲಿ ಚಿಪ್ಪು ಅಥವಾ ನರಗಳು ಎದ್ದುಕಾಣುವ ಆಲದೆಲೆ ಕಳಿಸಿರಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ನಾವೇ ತರುತ್ತೇವೆ. ಅದು ಗಟ್ಟಿಯಾಗುವಾಗ ಬಿಸಿಯೇರುವುದರಿಂದ ಕಲಸಲು ದೊಡ್ಡವರಿಬ್ಬರು ಬೇಕು.

ಅಂದಹಾಗೆ, ಎಲುಬು ಹುಡುಕಲು ಗುಡ್ಡ ಹತ್ತುವ ಉತ್ಸಾಹಿಗಳಿಗೆ ತಿಳಿಸಿರಿ: ನಮ್ಮ ಧಾರವಾಡದ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು, ಎಲುಬಿರುವ ಪ್ರಾಣಿಗಳು ಆಗಿನ್ನೂ ಹುಟ್ಟಿರಲಿಲ್ಲ.

ನೆರವಿಗೆ ಬರುವವರು ಗುರುವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಬೇಕಾಗಿ ವಿನಂತಿ.