ವಿಷಯ: ಬೆವರಿದರೆ ವಾರಂಟಿ ಹೋಗುವ ನಿಮ್ಮ ಸ್ಪೋರ್ಟ್ಸ್ ವಾಚ್ ಬಗ್ಗೆ ಕೊನೆಯ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ನಮಸ್ಕಾರ. ಫೋನಿನಲ್ಲಿ ಮರ್ಯಾದೆಯಿಂದ ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಈ ಪತ್ರ. ನಾನು ಮೈಸೂರಿನಲ್ಲಿ ಮಕ್ಕಳಿಗೆ ಓಟದ ತರಬೇತಿ ಕೊಡುವವನು. ನಿಮ್ಮ ವಾಚ್ ಕೊಂಡಿದ್ದು 1500 ಮೀಟರ್ ಓಡುವ ನನ್ನ ಶಿಷ್ಯೆಗೆ.

ತೊಂದರೆ ಇಷ್ಟೇ. ಅವಳು ಮಾತಾಡಿಕೊಂಡು ನಿಧಾನಕ್ಕೆ ಓಡಿದರೂ ವಾಚಿನಲ್ಲಿ ಹಾರ್ಟ್ ರೇಟ್ 176. ನಿಲ್ಲಿಸಿ ಕುತ್ತಿಗೆಗೆ ಬೆರಳಿಟ್ಟು ಎಣಿಸಿದರೆ 15 ಸೆಕೆಂಡಿಗೆ 35 ಬಡಿತ, ಅಂದರೆ ನಿಮಿಷಕ್ಕೆ 140. ಅನುಮಾನ ಬಂದು ಹೆಜ್ಜೆ ಎಣಿಸಿದೆ. ನಿಮಿಷಕ್ಕೆ 176! ಹೆಜ್ಜೆಯ ಅದುರನ್ನೇ ನಾಡಿ ಅಂದುಕೊಳ್ಳುವುದು ಮಣಿಕಟ್ಟಿನ ಹಸಿರು ಲೈಟಿನ ಸೆನ್ಸರ್‌ಗಳ ಹಳೇ ಕಾಯಿಲೆ. ಎದೆಗೆ ಕಟ್ಟುವ ಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ, ಅದಕ್ಕೆ ಈ ಗೋಳಿಲ್ಲ. ಇದನ್ನು ನಿಮಗೆ ನಾನು ಹೇಳಿಕೊಡಬೇಕಾ?

ಇನ್ನು ನಿಮ್ಮ ಸರ್ವಿಸ್ ಸೆಂಟರಿನ ಸತ್ಕಾರ. ಹುಡುಗಿಯ ತಾಯಿಯೂ ಜೊತೆಗಿದ್ದರು. ಕೌಂಟರಿನ ಹುಡುಗ ವಾಚನ್ನು ತಿರುಗಿಸಿ ನೋಡಿ ಕೇಳಿದ:

"ಸರ್, ಇದನ್ನ ಹಾಕ್ಕೊಂಡು ಓಡ್ತಿದ್ರಾ?"

"ಹೌದಪ್ಪಾ, ಸ್ಪೋರ್ಟ್ಸ್ ವಾಚ್ ಅಲ್ವಾ?"

"ಬೆವರು ಬರ್ತಿತ್ತಾ?"

ಓಡಿದರೆ ಬರುತ್ತದೆ ಅಂದೆ. ಅವನು ಚಾರ್ಜಿಂಗ್ ಪಿನ್‌ಗೆ ಹತ್ತಿ ಒತ್ತಿ, ಅದನ್ನು ನನ್ನ ಮೂಗಿನ ಹತ್ತಿರ ಹಿಡಿದ. "ನೋಡಿ, ಉಪ್ಪು. ಲಿಕ್ವಿಡ್ ಡ್ಯಾಮೇಜ್. ವಾರಂಟಿ ಬರಲ್ಲ." ಬಾಕ್ಸಿನ ಮೇಲೆ 5 ಎಟಿಎಂ ಅಂತ ನೀವೇ ಅಚ್ಚು ಹಾಕಿಸಿದ್ದೀರಿ, ಅಂದರೆ 50 ಮೀಟರ್ ಆಳದ ನೀರಿನ ಒತ್ತಡ ತಡೆಯುತ್ತದೆ ಅಂತ. ಅದನ್ನು ತೋರಿಸಿದೆ. "ಅದು ನೀರಿಗೆ ಸರ್, ಬೆವರಿಗಲ್ಲ." ಕ್ಯೂನಲ್ಲಿದ್ದವರು ನಕ್ಕರು. ನನ್ನನ್ನು ನೋಡಿ.

ಅಷ್ಟಕ್ಕೇ ಬಿಟ್ಟಿದ್ದರೆ ನುಂಗಿಕೊಳ್ಳುತ್ತಿದ್ದೆ. ಆಮೇಲೆ ತಾಯಿಯ ಕಡೆ ತಿರುಗಿ, "ಅಮ್ಮಾ, ರೀಡಿಂಗ್ ಸರಿಯಾಗೇ ಇದೆ. ಮಗಳಿಗೆ ಒಂದ್ಸಲ ಹಾರ್ಟ್ ತೋರಿಸಿಬಿಡಿ" ಅಂದ. ಬೆವರಿಗೆ ಕೆಟ್ಟ ವಾಚು ಸರಿಯಾಗಿ ಅಳೆಯುವುದು ಹೇಗೆ ಅಂತ ನನ್ನ ಮಂದಬುದ್ಧಿಗೆ ಹೊಳೆಯಲಿಲ್ಲ. ಆದರೆ ಆ ತಾಯಿ ಹೆದರಿ ಮಗಳನ್ನು ಗ್ರೌಂಡಿಗೆ ಕಳಿಸುವುದನ್ನೇ ನಿಲ್ಲಿಸಿದರು. ಇಸಿಜಿ ತೆಗೆಸಿ, ಏನೂ ಇಲ್ಲ ಅಂತ ಡಾಕ್ಟರು ಹೇಳಿದ ಮೇಲೂ ಅವರಿಗೆ ಧೈರ್ಯ ಬಂದಿಲ್ಲ. ಜಿಲ್ಲಾ ಕೂಟ ಹತ್ತಿರ ಬಂದಿದೆ.

ರಿಪೇರಿ ಬೇಡ, ಬದಲಿ ವಾಚೂ ಬೇಡ. ವಾಚಿನ ದುಡ್ಡು, ಇಸಿಜಿ ದುಡ್ಡು, ಮತ್ತೆ ಆ ತಾಯಿಗೆ ನಿಮ್ಮ ಲೆಟರ್‌ಹೆಡ್ಡಿನಲ್ಲಿ ಒಂದು ಕ್ಷಮಾಪಣೆ. 15 ದಿನ ಟೈಮು.

ಇಲ್ಲದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು, ಅಲ್ಲಿಂದ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ನಾನಿರುವ ಊರಲ್ಲೇ ಕೇಸು ಹಾಕಬಹುದು, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ನಿಮ್ಮ ಹೆಡ್ಡಾಫೀಸು ಎಲ್ಲೇ ಇರಲಿ, ಮೈಸೂರಿಗೇ ಬರಬೇಕು. ಬರುವಾಗ ಆ ಕೌಂಟರಿನ ಹುಡುಗನನ್ನೂ ಕರೆದುಕೊಂಡು ಬನ್ನಿ. ವಾಚು ಕಟ್ಟಿ ಆಯೋಗದ ಕಾಂಪೌಂಡಿನಲ್ಲೇ ಓಡಿಸುತ್ತೇನೆ. ಬೆವರಬಾರದು, ಅಷ್ಟೇ.

ಇಂತಿ,
ಅಥ್ಲೆಟಿಕ್ಸ್ ಕೋಚ್, ಮೈಸೂರು

ಲಗತ್ತು: ವಾಚಿನ ಬಿಲ್ಲು, ಬಾಕ್ಸಿನ ಫೋಟೊ, ಇಸಿಜಿ ವರದಿ ಮತ್ತು ರಸೀದಿ